ಕಣ್ಣು ಮಿಟುಕಿಸಿದ ಹಲ್ಲಿ

"ಕಂಚಿಯೊಳಗ ಬಂಗಾರದ ಹಲ್ಲಿ ಐತೆಲ್ಲ, ಅದನ್ನ ತಲಿಯಿಂದ ಬಾಲದ ತನಕಾ ಸವರಿ ಬಂದಾಕಿ ನಾನು. ಬೈಲಹೊಂಗಲ ಅಷ್ಟ ಅಲ್ಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹುಡುಕಿದ್ರೂ ಹಿಂತಾ ಕೈ ಇನ್ನೊಂದ ಸಿಗೂದಿಲ್ಲ. ಹಿಡಿ ಗಟ್ಟಿ!"

ರಾಜೇಶ್ವರಿ ಎರಡೂ ಕೈಯಿಂದ ಕೆಂಚವ್ವನ ಒಣಗಿದ ಕೈಯನ್ನು ಹಿಡಿದುಕೊಂಡಳು.

ಮೈಮೇಲೆ ಹಲ್ಲಿ ಬಿದ್ದರೆ, ಕಂಚಿಯ ಹಲ್ಲಿ ಮುಟ್ಟಿ ಬಂದವರನ್ನು ಮುಟ್ಟಬೇಕು; ದೋಷ ಕಳೆಯುತ್ತದೆ. ಓಣಿಗೆ ಓಣಿಯೇ ಹಾಗೆ ನಂಬಿತ್ತು. ತನ್ನ ಕಟ್ಟೆಯ ಮುಂದೆ ಸಾಲು ಎಷ್ಟು ಉದ್ದವಾಗುತ್ತದೆಂದರೆ ಪೊಲೀಸರು ಬಂದು ಸೀಟಿ ಊದಬೇಕಾಗುತ್ತದೆ ಎಂದು ಕೆಂಚವ್ವ ಹೇಳಿಕೊಳ್ಳುತ್ತಿದ್ದಳು. ಬರುತ್ತಿದ್ದುದು ವಾರಕ್ಕೊಬ್ಬರು.

"ಖರೇ ಹೇಳಬೇಕಂದ್ರ ಅರ್ಧ ಸುಳ್ಳ ಐತಿ," ಎಂದು ಕೆಂಚವ್ವ ದನಿ ಇಳಿಸಿದಳು. "ಬೆಳ್ಳಿ ಹಲ್ಲಿ ಮುಟ್ಟೇನಿ. ಬಂಗಾರದ್ದಕ್ಕ ಕೈ ಚಾಚೂದ್ರಾಗ ಹಿಂದಿನ ಮಂದಿ ಹೆಂಗ ನೂಕಿದ್ರಂದ್ರ, ನಾ ಮೆಟ್ಟಲಾ ಇಳದು, ಗುಡಿ ದಾಟಿ, ಸೀದಾ ಬಸ್ಸಿನ ಸೀಟಿನ್ಯಾಗ ಹೋಗಿ ಕುಂತಿದ್ದೆ."

"ಅಯ್ಯ, ಹಂಗಾರ ದೋಷ ಅರ್ಧಾನ ಹೋಗತೈತೇನ್ರಿ ಆಯಿ?"

"ಅರ್ಧ ಇವತ್ತ, ಇನ್ನರ್ಧ ನಾಳೆ ಬಾ. ಎಲ್ಲಿ ಬಿತ್ತು ಹಲ್ಲಿ?"

"ಅಂಗೈಯಾಗ್ರಿ. ಬಲಗೈ."

"ಅಂಗೈಯಾಗ?" ಕೆಂಚವ್ವ ಅವಳ ಕೈ ತಿರುವಿ ನೋಡಿದಳು. "ತಲಿ ಮ್ಯಾಲೆ ಬಿದ್ದದ್ದ ಕೇಳೇನಿ, ಹೆಗಲ ಮ್ಯಾಲೆ ಬಿದ್ದದ್ದ ಕೇಳೇನಿ. ಕೈ ಒಡ್ಡಿ ಪ್ರಸಾದ ಬೇಡಿದ್ದೇನ ನೀ?"

ರಾಜೇಶ್ವರಿ ನಗಲಿಲ್ಲ. ಬಿತ್ತನೆ ಬೀಜದ ಅಂಗಡಿಯ ಗೌರೀಶನ ಹೆಂಡತಿ ಅವಳು. ಗಂಡ ಎಷ್ಟು ಬಾಯಿ ಮಾಡುತ್ತಾನೋ ಹೆಂಡತಿ ಅಷ್ಟೇ ಮೆತ್ತಗೆ.

"ಇನ್ನೊಂದ ಕೇಳ್ಲ್ಯಾ ಆಯಿ? ಅದು ನನ್ನ ನೋಡಿ ಕಣ್ಣ ಮಿಟುಕಿಸಿತ್ರಿ. ಮುಚ್ಚಿ ತಗದು, ಮುಚ್ಚಿ ತಗದು. ಅದಕ್ಕೂ ಏನರ ಶಾಸ್ತ್ರ ಐತೇನ್ರಿ?"

ಕೆಂಚವ್ವನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಆದರೆ ಮುಖ ಮಾತ್ರ ಮೊದಲಿನ ಹಾಗೆಯೇ ಇತ್ತು.

"ಐತಿ, ಐತಿ. ಭಾಳ ಛಲೋ ಶಾಸ್ತ್ರ. ಸಂಜೀಕ ನಿಮ್ಮನಿಗೇ ಬಂದು ಹೇಳತೇನಿ. ಚಾ ಮಾಡಿಡು, ಸಕ್ಕರಿ ಮ್ಯಾಲ ಕೈ ಬಿಗಿ ಹಿಡೀಬ್ಯಾಡ."

ರಾಜೇಶ್ವರಿ ಹೋದ ಮೇಲೆ ಕೆಂಚವ್ವ ಎಲೆಯಡಿಕೆ ಉಗುಳಿ ಬಂದು, ಸೆರಗು ಬಿಗಿದು, ಪಕ್ಕದ ಮನೆಯ ಬಾಗಿಲು ತಳ್ಳಿದಳು. ಮೊನ್ನೆ ಸಂಜೆ ಆ ಮನೆಯ ಗಾಜಿನ ಪೆಟ್ಟಿಗೆಯಿಂದಲೇ ಶೇಂಗಾ ಎಂಬ ಸಾಕು ಚಿರತೆ ಹಲ್ಲಿ ಮಾಯವಾಗಿತ್ತು.

*

ಒಳಗೆ ಫಿರದೋಸಳ ಹೊಲಿಗೆ ಮಷಿನ್ ಸುಮ್ಮನಿತ್ತು. ಅರ್ಧ ಹೊಲಿದ ಜಂಪರು ಸೂಜಿಯ ಕೆಳಗೆ ಸಿಕ್ಕಿಕೊಂಡು ಕುಳಿತಿತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಅವಳ ಅತ್ತೆ ರಾಜಮಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಯ ಮೇಲಿತ್ತು.

"ಇವತ್ತೂ ಉಂಡಿಲ್ರಿ ಆಯಿ," ಎಂದಳು ಫಿರದೋಸ್. "ಕೈ ಒರಸಾಕ ಹ್ವಾದ್ರೂ ಜಗ್ಗಿಕೊಂತಾಳ. ಬಿಡಸಾಕ ನೋಡಿದ್ರ ಚೀರತಾಳ. ಒಂದ ವರ್ಷ ಮಾಡಿದ್ದೆಲ್ಲಾ ನೀರಾಗ ಹೋತ್ರಿ."

ಲಕ್ವಾ ಹೊಡೆದು ರಾಜಮಾಳ ಮಾತು ಹೋಗಿತ್ತು, ಬಲಗೈ ಕಲ್ಲಾಗಿತ್ತು. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅವಳು ಎಡಗೈಯಿಂದ ಎತ್ತಿ ಬಾಗಿಲಾಚೆ ಎಸೆದಿದ್ದಳು. ಆಗ ಮಗ ಜುನೇದ್ ಬೆಳಗಾವಿಯಿಂದ ಟೆಂಪೋದಲ್ಲಿ ಗಾಜಿನ ಪೆಟ್ಟಿಗೆ ತಂದ. ಹಳದಿ ಮೈ, ಕರಿ ಚುಕ್ಕೆ, ಎರಡು ಬೀಜದ ಶೇಂಗಾಕಾಯಿಯಂಥ ದಪ್ಪ ಬಾಲ. ಹಾಗಾಗಿ ಹೆಸರು ಶೇಂಗಾ.

ಲೆಪರ್ಡ್ ಗೆಕ್ಕೊ ಎಂದು ಜುನೇದ್ ಹೇಳಿಕೊಟ್ಟ. ಕೆಂಚವ್ವನಿಗೆ ನಾಲಗೆ ಹೊರಳಲಿಲ್ಲ. ಅವಳು ಚಿರತಿ ಹಲ್ಲಿ ಅಂದಳು, ಓಣಿಯೂ ಅದನ್ನೇ ಅಂದಿತು.

ಆ ಹಲ್ಲಿಯ ಸೇವೆ ಸೊಸೆಯ ಬಾಣಂತನಕ್ಕಿಂತ ದೊಡ್ಡದು ಎಂದು ಕೆಂಚವ್ವ ಛೇಡಿಸುತ್ತಿದ್ದಳು. ಪೆಟ್ಟಿಗೆಯ ಒಂದು ಬದಿಯ ಕೆಳಗೆ ಕರೆಂಟಿನ ಬಿಸಿ ಚಾಪೆ, ಇನ್ನೊಂದು ಬದಿ ತಂಪು. ಹೊಟ್ಟೆಗೆ ಕಾವು ತಾಗದಿದ್ದರೆ ತಿಂದದ್ದು ಕರಗುವುದಿಲ್ಲ. ಪೊರೆ ಬಿಡುವ ಹೊತ್ತಿಗೆ ಒದ್ದೆ ಬಟ್ಟೆ ಹಾಕಿದ ಡಬ್ಬಿ. ಉಸುಕು ಹಾಸಿದರೆ ನುಂಗಿ ಹೊಟ್ಟೆ ಕಟ್ಟುತ್ತದೆಂದು ಕೆಳಗೆ ಹಳೆ ಪೇಪರು. ಊಟಕ್ಕೆ ತೌಡಿನಲ್ಲಿ ಬೆಳೆಸಿದ ಹುಳ, ಅದರ ಮೇಲೆ ಕ್ಯಾಲ್ಸಿಯಂ ಪುಡಿ.

ಆ ಹುಳವನ್ನು ಚಿಮಟದಲ್ಲಿ ಹಿಡಿದು ಕೊಡಬೇಕಿತ್ತು. ಮೊದಲ ದಿನ ರಾಜಮಾ ಎಡಗೈ ಚಾಚಿದಳು. ಶೇಂಗಾ ತಿರುಗಿ ಕುಳಿತಿತು. ಮರುದಿನ ಹಟಕ್ಕೆ ಬಿದ್ದು ಬಲಗೈ ಎತ್ತಿದಳು. ಬೆರಳು ನಡುಗಿದವು, ಚಿಮಟ ಬಿತ್ತು, ಮತ್ತೆ ಎತ್ತಿದಳು. ಅಲ್ಲಿಂದ ದಿನಾ ಸಂಜೆ ಅದೇ ಕೆಲಸ. ಕಲ್ಲಾಗಿದ್ದ ಕೈ ಬೆರಳು ಬೆರಳಾಗಿ ಬಿಚ್ಚಿಕೊಂಡಿತ್ತು.

ಈಗ ಮತ್ತೆ ಮುಷ್ಟಿ.

ಕೆಂಚವ್ವ ಮಂಚದ ಅಂಚಿಗೆ ಕುಳಿತು ಗೆಳತಿಯ ಬೆನ್ನು ಸವರಿದಳು. ತನ್ನ ಗಂಡ ತೀರಿಕೊಂಡ ವರ್ಷ ಅವಳಿಗೆ ಒಲೆ ಹಚ್ಚುವ ಮನಸ್ಸೇ ಇರಲಿಲ್ಲ. ಆಗ ಇದೇ ರಾಜಮಾ ದಿನಾ ಬೆಳಿಗ್ಗೆ ಬಂದು ಕೆಂಚವ್ವನ ಒಲೆಗೆ ತಾನೇ ಕಟ್ಟಿಗೆ ಇಟ್ಟು, "ನನಗ ರೊಟ್ಟಿ ಬಡಿಯಾಕ ಬರೂದುಲ್ಲ, ಕಲಿಸಿಕೊಡು," ಎಂದು ಕೂರುತ್ತಿದ್ದಳು. ಕಲಿಸಲು ಬಡಿದ ರೊಟ್ಟಿಯನ್ನು ಯಾರಾದರೂ ತಿನ್ನಬೇಕಲ್ಲ? ಕೆಂಚವ್ವ ತಿಂದಳು. ಹಾಗೆ ಬದುಕಿದಳು. ರಾಜಮಾಳ ರೊಟ್ಟಿ ತನ್ನದಕ್ಕಿಂತ ತೆಳ್ಳಗೆ, ಚಂದ್ರನಷ್ಟು ದುಂಡಗೆ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆ ಋಣಕ್ಕೆ ಏಳು ಜನ್ಮ ಸಾಲದು ಎಂದು ಕೆಂಚವ್ವ ಹೇಳಿದರೆ, ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

"ಫಿರದೋಸಾ, ಶೇಂಗಾ ತಾನ ಓಡಿ ಹೋತು ಅಂತೀಯಲ್ಲ, ಹೆಂಗ ಓಡಿತು?"

"ನಾ ಗಿರಣಿಗೆ ಹೋಗಿದ್ದೆ. ಅಷ್ಟರಾಗ ಕರೆಂಟ್ ಹೋತು. ಬಂದ ನೋಡಿದ್ರ ಪೆಟ್ಟಿಗಿ ಗಾಜ ಸರದಿತ್ತು. ಏರಿ ಹೋಗಿರಬೇಕ್ರಿ."

"ಗ್ವಾಡಿ ಹಲ್ಲಿಗೆ ಅಂಗಾಲಿನ್ಯಾಗ ಅಂಟ ಇರತೈತಿ, ಇದಕ್ಕ ಬರೇ ಉಗುರು, ಗಾಜ ಏರೂದುಲ್ಲ ಅಂತ ನನಗ ಪಾಠ ಹೇಳಿದಾಕಿ ಯಾರು?"

ಫಿರದೋಸ್ ಪೆಟ್ಟಿಗೆಯ ಕಡೆ ತಿರುಗಿದಳು.

ಕೆಂಚವ್ವ ಪೆಟ್ಟಿಗೆಗೆ ಮೂಗು ಹಚ್ಚಿ ನೋಡಿದಳು. ಶೇಂಗಾ ಮಲಗಲು ಬೋರಲು ಹಾಕಿಡುತ್ತಿದ್ದ ಮಣ್ಣಿನ ಕುಡಿಕೆ ಈಗ ಮೇಲ್ಮುಖವಾಗಿ ಬಿದ್ದಿತ್ತು. ಹಾಸಿದ ಪೇಪರಿನ ಒಂದು ಮೂಲೆ ಎದ್ದಿತ್ತು.

"ಇದನ್ನ ನೀ ಮುಟ್ಟೀಯೇನು?"

"ಇಲ್ರಿ. ಅವತ್ತ ಹೆಂಗಿತ್ತೊ ಹಂಗ ಐತಿ."

"ಹಲ್ಲೀನ ಒಯ್ಯಾಕ ಬಂದಾವ ಕುಡಿಕಿ ಯಾಕ ತಿರುವತಾನ, ಪೇಪರ್ ಯಾಕ ಎತ್ತತಾನ? ಅವಂಗ ಹಲ್ಲಿ ಬೇಕಾಗಿದ್ದಿಲ್ಲ ಮಗಳ. ಪೇಪರಿನ ಬುಡಕ ಇದ್ದದ್ದೇನೊ ಬೇಕಾಗಿತ್ತು, ಹಲ್ಲಿ ಅಡ್ಡ ಇತ್ತು."

ಮಂಚದ ಮೇಲೆ ರಾಜಮಾ ಮೆಲ್ಲಗೆ ಈ ಕಡೆ ಹೊರಳಿದಳು. ಅವಳ ಕಣ್ಣು ಕೆಂಚವ್ವನ ಮೇಲೆ ನೆಟ್ಟಿತ್ತು. ಗಂಟಲಿನಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ.

"ತಡಿ ಅಕ್ಕಾ, ತಡಿ," ಎಂದು ಕೆಂಚವ್ವ ಎದ್ದಳು. "ಫಿರದೋಸಾ, ಹುಳದ ಡಬ್ಬಿ ಇಲ್ಲಿ ಕೊಡು."

*

ಗೌರೀಶನ ಮನೆಯಲ್ಲಿ ಚಹಾ ಬಂತು. ಸಕ್ಕರೆ ಧಾರಾಳವಾಗಿತ್ತು. ಕೆಂಚವ್ವ ಬಸಿಗೆ ಸುರಿದು ಸೊರ್ ಎಂದು ಕುಡಿಯುತ್ತ, ಪಡಸಾಲೆಯನ್ನೆಲ್ಲ ಕಣ್ಣಿನಿಂದ ಗುಡಿಸಿದಳು.

ಟಿವಿ ಬಂದ್ ಇತ್ತು. ಅದರ ಕೆಳಗಿನ ಸೆಟ್ ಟಾಪ್ ಬಾಕ್ಸಿನ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಬಾಕ್ಸಿನ ಮೇಲೆ ರೊಟ್ಟಿ ಬುಟ್ಟಿ ಬೋರಲು ಬಿದ್ದಿತ್ತು. ಬುಟ್ಟಿಯ ಮೇಲೊಂದು ಹಳೆ ಟಾವೆಲ್ಲು.

"ರೊಟ್ಟಿ ಟಿವಿ ನೋಡತಾವೇನ ನಿಮ್ಮನ್ಯಾಗ?"

"ಅದು... ಜಾಗಾ ಇರಲಿಲ್ರಿ ಆಯಿ."

"ಹೂಂ. ಟಿವಿ ಡಬ್ಬಿ ಮ್ಯಾಲೆ ಕೈ ಇಟ್ರ ಬೆಚ್ಚಗ ಇರತೈತಿ, ಹೌದಲ್ಲೊ? ಈ ಥಂಡ್ಯಾಗ ಹೊಟ್ಟಿಗೆ ಕಾವು ಕೊಡಾಕ ಅಡ್ಡಿ ಇಲ್ಲ."

ರಾಜೇಶ್ವರಿ ಕಪ್ಪು ಕೆಳಗಿಟ್ಟು ಟಿವಿಗೆ ಅಡ್ಡ ಬಂದು ನಿಂತಳು.

"ಯಾರ ಹೊಟ್ಟಿಗ್ರಿ?"

"ನಿನಗ ಕಣ್ಣ ಮಿಟುಕಿಸಿದಾಕಿ ಹೊಟ್ಟಿಗಿ." ಕೆಂಚವ್ವ ಬಸಿ ಕೆಳಗಿಟ್ಟಳು. "ಗ್ವಾಡಿ ಹಲ್ಲಿಗೆ ರೆಪ್ಪೀನ ಇಲ್ಲವಾ. ಕಣ್ಣಾಗ ಧೂಳ ಬಿದ್ರ ನಾಲಗೀಲೆ ನೆಕ್ಕೊಂತೈತಿ. ಈ ಓಣ್ಯಾಗ ಹೆಣ್ಣಮಕ್ಕಳಿಗೆ ಕಣ್ಣ ಮಿಟುಕಸಾವರು ಇಬ್ಬರ: ಒಂದು ಶೇಂಗಾ, ಇನ್ನೊಬ್ಬಾಂವ ಗಿರಣಿ ಶಟ್ಟೆಪ್ಪ. ಶಟ್ಟೆಪ್ಪ ನಿನ್ನ ಅಂಗೈಯಾಗ ಕುಂದ್ರೂದುಲ್ಲ."

ಬೇರೆ ಹೊತ್ತಾಗಿದ್ದರೆ ರಾಜೇಶ್ವರಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅತ್ತೇಬಿಟ್ಟಳು.

"ಕಳವ ಮಾಡಿಲ್ರಿ ಆಯಿ. ನಮ್ಮ ತಾಯಾಣಿಗೂ ಇಲ್ಲ."

"ಕಳವ ಮಾಡಿದಾಕಿ ದೋಷ ಕಳಕೊಳ್ಳಾಕ ನನ್ನ ಕಟ್ಟಿಗೇ ಬರತಿದ್ದೇನ? ಅಳೂದ ಸಾಕು, ಹೇಳು."

"ಮೊನ್ನೆ ಕರೆಂಟ್ ಹೋದಾಗ ಹಿತ್ತಲದಾಗ ಒಣಹಾಕಿದ ಅರಬಿ ತಗ್ಯಾಕ ಹೋಗಿದ್ದೆ. ರಾಜಮಾಬಿ ಕಿಡಕಿ ತಗದಿತ್ತು. ಒಳಗಿಂದ ಒಂದ ಕೈ ಬಂದು ಇದನ್ನ ಹೊರಗ ಕಟ್ಟಿ ಮ್ಯಾಲ ಇಟ್ಟು ಕಿಡಕಿ ಹಾಕಿಕೊಂಡ್ತು. ಕೈ ಅಷ್ಟ ಕಂಡಿತ್ರಿ, ಮಾರಿ ಕಾಣಲಿಲ್ಲ. ಭಾಳ ಮೆಲ್ಲಕ ಇಟ್ಟಿತ್ರಿ, ನಿದ್ದಿ ಹತ್ತಿದ ಕೂಸಿನ್ನ ತೊಟ್ಟಲದಾಗ ಇಟ್ಟಂಗ."

"ಆಮ್ಯಾಲೆ?"

"ಮುಟ್ಟಿದ್ರ ಬರಫ ಆಗಿತ್ರಿ. ಬೆಕ್ಕು ಬ್ಯಾರೆ ಗ್ವಾಡಿ ಮ್ಯಾಲೆ ಕುಂತಿತ್ತು. ಕೈ ಒಡ್ಡಿದೆ, ತಾನ ಏರಿ ಬಂತು. ಅಂಗೈಯಾಗ ಕುಂತು ನನ್ನ ನೋಡಿ..." ಅವಳು ತನ್ನ ಅಂಗೈ ಬಿಚ್ಚಿ ನೋಡಿಕೊಂಡಳು. "ಇಷ್ಟ ಹೆದರಿಕಿ ಇದ್ದಾಕಿ ನಾ, ಅದು ಕಣ್ಣ ಮುಚ್ಚಿ ತಗದ ಕೂಡಲೇ ನನಗ ಬಿಡಾಕ ಮನಸ ಬರಲಿಲ್ರಿ."

"ಅವತ್ತ ಕೊಡಬೇಕಿಲ್ಲ?"

"ನಮ್ಮವರು ಹಲ್ಲಿ ಕಂಡ್ರ ಹೆದರಿ ಓಡತಾರ, ಆದ್ರೂ ಓಣಿ ತುಂಬ ಒದರ್ಯಾರಲ್ರಿ, ಆ ವಿಷದ ಹಲ್ಲಿ ಒಂದ ದಿನ ಹೊರಗ ಒಗೀತೇನಿ ಅಂತ. ನಮ್ಮನ್ಯಾಗ ಐತಿ ಅಂದ್ರ ಯಾರ ನಂಬತಾರ? ಎಲ್ಲಾರೂ ಅವರ ಹೆಸರ ಹೇಳತಾರ."

ಕೆಂಚವ್ವ ಟಾವೆಲ್ಲು ಸರಿಸಿ ಬುಟ್ಟಿ ಎತ್ತಿದಳು.

ಶೇಂಗಾ ಇತ್ತು. ಬಾಲ ದಪ್ಪಗೇ ಇತ್ತು. ಎದುರಿಗೆ ಒಂದು ಬಟ್ಟಲಲ್ಲಿ ಹಾಲು ಅನ್ನ.

"ಏನ ಬಡಿಸೀಯವಾ ಇದಕ್ಕ? ಸಂಡಿಗಿ ಹಪ್ಪಳ ಮರತೇನು?"

"ಏನೂ ಮೂಸಿ ನೋಡಲಿಲ್ರಿ. ಪಾಪ, ನಾ ಕೊಂದೇ ಬಿಡತೇನೇನೊ ಅಂತ ದೇವರಿಗೆ ಹರಕಿ ಹೊತ್ತೇನಿ."

ಕೆಂಚವ್ವ ಡಬ್ಬಿ ತೆಗೆದು ಒಂದು ಹುಳ ಎದುರಿಗೆ ಬಿಟ್ಟಳು. ಶೇಂಗಾ ತಲೆ ಎತ್ತಿತು. ಬಾಲದ ತುದಿ ಹಾವಿನಂತೆ ಒಮ್ಮೆ ಹೊರಳಿತು. ಚಟ್ ಎಂದು ನೆಗೆದು ಹಿಡಿಯಿತು. ನುಂಗಿ, ತುಟಿ ನೆಕ್ಕಿಕೊಂಡಿತು.

ಇಬ್ಬರು ಹೆಂಗಸರೂ ಒಟ್ಟಿಗೆ ಉಸಿರು ಬಿಟ್ಟರು. ಕೆಂಚವ್ವ ಹಲ್ಲಿಗೆ ಎರಡೂ ಕೈ ಜೋಡಿಸಿದಳು. ಆಮೇಲೆ, ಸ್ವಲ್ಪ ತಡೆದು, ಜೋಡಿಸಿದ ಕೈಯನ್ನು ರಾಜೇಶ್ವರಿಯ ಕಡೆಗೂ ತಿರುಗಿಸಿದಳು.

"ಅಯ್ಯ, ಏನ ಮಾಡತೀರಿ ಆಯಿ!"

"ಸುಮ್ಮನಿರು. ಬೆಕ್ಕಿನ ಬಾಯಿಂದ ಉಳಿಸೀಯ. ನನ್ನ ರಾಜಮಾನ ಕೈ ಉಳಿಸೀಯ. ಬೆಳ್ಳಿ ಹಲ್ಲಿ ಮುಟ್ಟಿದ ಕೈಯವಾ ಇದು, ಮುಗಿದ್ರ ನಿನಗ ಛಲೋನ ಆಗತೈತಿ."

ಹೊರಗೆ ಮೋಟರ್ ಸೈಕಲ್ ನಿಂತಿತು. ರಾಜೇಶ್ವರಿಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ಕೆಂಚವ್ವ ಶೇಂಗಾವನ್ನು ಟಾವೆಲ್ಲಿನಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡು ಹೊರಟಳು.

ಬಾಗಿಲಲ್ಲಿ ಗೌರೀಶ. ಕುತ್ತಿಗೆಯವರೆಗೆ ಜಿಪ್ಪು ಎಳೆದ ಸ್ವೆಟರು, ಕಿವಿಗೆ ಮಫ್ಲರು.

"ಏನ್ರಿ ಆಯಿ, ಸೆರಗಿನ್ಯಾಗ ಏನ ಕಟ್ಟಿಕೊಂಡ ಹೊಂಟೀರಿ?"

"ಶೇಂಗಾ. ನಿನ್ನ ಹೆಂಡತಿ ಕೊಟ್ಟಳು."

"ನಾಕ ನನಗೂ ಕೊಡ್ರೆಲಾ."

"ನಿನಗ ಅರಗೂದುಲ್ಲಪ್ಪ," ಎಂದು ಕೆಂಚವ್ವ ಅವನನ್ನು ಸುತ್ತಿಕೊಂಡು ಹೊರಬಂದಳು. "ರಾಜೇಶ್ವರಿ, ನನ್ನ ಕೂಡ ಬಾರವಾ, ಕತ್ತಲಾಗ ನನಗ ದಾರಿ ಕಾಣೂದುಲ್ಲ."

ದಾರಿ ಎಂದರೆ ಮೂರು ಹೆಜ್ಜೆ. ಆದರೂ ರಾಜೇಶ್ವರಿ ಬಂದಳು.

*

ಫಿರದೋಸ್ ಶೇಂಗಾವನ್ನು ಕಂಡು ಕೂಗಲಿಲ್ಲ. ಬಾಯಿಗೆ ದುಪಟ್ಟಾ ಒತ್ತಿಕೊಂಡು, "ಶುಕ್ರ್ ಹೈ ಅಲ್ಲಾ," ಎಂದಳು, ಮತ್ತೆ ಮತ್ತೆ ಅದನ್ನೇ ಅಂದಳು. ರಾಜೇಶ್ವರಿ ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ ಅವಳನ್ನು ತಬ್ಬಿಕೊಂಡಳು.

"ನಿಮ್ಮ ಉಪಕಾರ ಹೆಂಗ ತೀರಸಲ್ರಿ ಅಕ್ಕಾ?"

"ಒಂದ ಜಂಪರ್ ಪುಕ್ಕಟ ಹೊಲದ ಕೊಡು," ಎಂದಳು ಕೆಂಚವ್ವ. "ನನಗೂ ಒಂದು. ಪತ್ತೆ ಹಚ್ಚಿದಾಕಿ ನಾ."

ಕೆಂಚವ್ವ ಟಾವೆಲ್ಲು ಬಿಚ್ಚಿ ಶೇಂಗಾವನ್ನು ರಾಜಮಾಳ ಮುಷ್ಟಿಯ ಪಕ್ಕ, ಮಣಿಕಟ್ಟಿನ ಮೇಲೆ ಬಿಟ್ಟಳು.

ಶೇಂಗಾ ನಾಲಗೆ ಚಾಚಿ ಆ ಕೈಯ ಚರ್ಮ ಮುಟ್ಟಿ ನೋಡಿತು. ಗುರುತು ಹತ್ತಿತೇನೋ, ಹೊಟ್ಟೆ ಊರಿ ಹರಡಿಕೊಂಡು ಕುಳಿತಿತು, ಆ ಕೈ ತನ್ನ ಬಿಸಿ ಚಾಪೆಯೇ ಎಂಬಂತೆ.

ರಾಜಮಾಳ ಕಣ್ಣಿನಿಂದ ನೀರು ಇಳಿದು ದಿಂಬು ಸೇರಿತು. ಹೆಬ್ಬೆರಳು ಅಲುಗಿತು. ಆಮೇಲೆ ತೋರುಬೆರಳು. ಕೆಂಚವ್ವ ತನ್ನ ಕೆನ್ನೆ ಒರೆಸಿಕೊಳ್ಳಲಿಲ್ಲ.

"ಬಿಡು ಅಕ್ಕಾ, ಬಿಡು. ಬಂದಾಳ ನಿನ್ನ ಮಗಳು. ರೊಟ್ಟಿ ಬಡಿಯೂದ ನಾಳೆ ನನಗ ನೀನ ಕಲಿಸು."

ಮುಷ್ಟಿ ಪೂರ್ತಿ ಬಿಚ್ಚಿಕೊಂಡಿತು.

ಅಂಗೈಯ ನಡುವೆ, ಚರ್ಮದಲ್ಲಿ ಗುರುತು ಮೂಡುವಷ್ಟು ಒತ್ತಿಕೊಂಡು, ಒಂದು ಅಂಗಿಯ ಗುಂಡಿ ಇತ್ತು. ಗುಂಡಿಯ ಹಿಂದೆ ಹರಿದ ಬಟ್ಟೆಯ ತುಣುಕು.

ರಾಜಮಾ ಆ ಗುಂಡಿ ನೋಡಿದಳು, ಪೆಟ್ಟಿಗೆ ನೋಡಿದಳು, ಕೆಂಚವ್ವನನ್ನು ನೋಡಿದಳು. ಕೆಂಚವ್ವನಿಗೆ ಅರ್ಥವಾಯಿತು. ಕತ್ತಲಲ್ಲಿ ಯಾರೋ ಪೆಟ್ಟಿಗೆಯಲ್ಲಿ ಕೈ ಹಾಕಿದಾಗ ಮಂಚದಿಂದ ಈ ಕೈ ಚಾಚಿತ್ತು. ಲಕ್ವಾ ಹೊಡೆದ ಕೈ, ಒಂದು ವರ್ಷ ಹಲ್ಲಿಗೆ ಉಣಿಸಿ ಉಣಿಸಿ ಹಿಡಿಯಲು ಕಲಿತ ಕೈ, ಕಳ್ಳನ ಎದೆಯ ಅಂಗಿ ಹಿಡಿದು ಹರಿದಿತ್ತು. ಹರಿದದ್ದನ್ನು ಯಾರಿಗೂ ಕೊಡದೆ ಕಾದಿತ್ತು.

"ಭಲೆ ನನ್ನ ಹುಲಿ," ಎಂದಳು ಕೆಂಚವ್ವ ಮೆಲ್ಲಗೆ.

ಫಿರದೋಸ್ ಬಾಗಿ ಗುಂಡಿ ಎತ್ತಿಕೊಂಡಳು. ದೀಪಕ್ಕೆ ಹಿಡಿದಳು. ಪಾರಿವಾಳದ ಬಣ್ಣದ ಬಟ್ಟೆ, ಅಡ್ಡಕ್ಕೆ ಹಾಕಿದ ದಾರ.

"ನಾ ಹಚ್ಚಿದ ಗುಂಡಿ ಇದು," ಅಂದವಳು ತಕ್ಷಣ ಬಾಯಿ ಮುಚ್ಚಿಕೊಂಡಳು. ಗುಂಡಿಯ ಮೇಲೆ ಅವಳ ಬೆರಳುಗಳು ಬಿಗಿದವು.

"ಯಾರ ಅಂಗೀದು?"

ಉತ್ತರ ಬಂದದ್ದು ಬಾಗಿಲ ಬಳಿ ನಿಂತಿದ್ದ ರಾಜೇಶ್ವರಿಯಿಂದ, ಅದೂ ಅವಳಿಗೆ ಅರಿವಿಲ್ಲದೆ.

"ಆ ಬಟ್ಟೀದು ಎರಡ ಅಂಗಿ ಹೊಲದಿದ್ದಿ ಅಲ್ಲೇನ ಫಿರದೋಸ್? ಒಂದ ತಾನಿನ್ಯಾಗ. ಒಂದ ನಮ್ಮವರಿಗೆ ಹಬ್ಬಕ್ಕ ಕೊಟ್ಟಿದ್ದಿ. ಇನ್ನೊಂದ..."

ಇನ್ನೊಂದು ಜುನೇದನದು. ಜುನೇದ್ ತರಕಾರಿ ಟೆಂಪೋ ತೆಗೆದುಕೊಂಡು ಗೋವಾಕ್ಕೆ ಹೋಗಿ ನಾಲ್ಕು ದಿನವಾಗಿತ್ತು. ಹೋಗಿದ್ದಾನೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಇಬ್ಬರು ಹೆಂಡತಿಯರು ಒಬ್ಬರ ಮುಖ ಒಬ್ಬರು ನೋಡಿದರು. ಈಗಷ್ಟೇ ತಬ್ಬಿಕೊಂಡಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು.

ಕೆಂಚವ್ವ ಕಾಲು ಚಾಚಿ ನೆಲದ ಮೇಲೆ ಕುಳಿತಳು. ಸಂಚಿಯಿಂದ ಒಂದು ಎಲೆ ತೆಗೆದು ತೊಡೆಗೆ ಒರೆಸಿದಳು.

"ಹಲ್ಲಿ ಕಂಡ್ರ ಹರದಾರಿ ಓಡಾಂವ ಒಬ್ಬಾಂವ. ಅದನ್ನ ಕೂಸಿನಂಗ ಎತ್ತಿ ಇಡಾಕ ಬರತಿದ್ದಾಂವ ಇನ್ನೊಬ್ಬಾಂವ, ಆದ್ರ ಅಂವ ಊರಾಗ ಇಲ್ಲ. ನನಗ ಹೇಳಾಕ ಹೋಗಬ್ಯಾಡ್ರಿ, ನಾ ಆಗಲೇ ಒಂದ ಹೆಸರ ಇಟಗೊಂಡೇನಿ." ಎಲೆಗೆ ಸುಣ್ಣ ಹಚ್ಚುತ್ತ ಅವಳು ಇಬ್ಬರನ್ನೂ ಸರದಿಯಂತೆ ನೋಡಿದಳು. "ಎಲ್ಲಿ, ನೀವು ಹೇಳ್ರಿ ನೋಡೂಣು. ಯಾರ ಅಂಗ್ಯಾಗ ಈಗ ಒಂದ ಗುಂಡಿ ಕಡಿಮಿ ಐತಿ?"